ತಾಮ್ರದ ಲಕ್ಷ್ಮಿ

ಹೊಳೆನರಸೀಪುರದ ನಮ್ಮ ಪಡಸಾಲೆಯಲ್ಲಿ ಅಮೆರಿಕದ ಕಲಾವಿದೆಯೊಬ್ಬರು ಚಿತ್ರ ಅಚ್ಚು ಹಾಕುತ್ತಾರೆ ಅಂದರೆ ಯಾರು ನಂಬುತ್ತಾರೆ? ೧೯೯೮ರಲ್ಲಿ ಇಡೀ ಬೀದಿಯನ್ನೇ ನಂಬಿಸಿದವಳು ನಾನು, ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಕನಕಲಕ್ಷ್ಮಿ! ಅವರ ಹೆಸರು ಲೊರೇನ್. ಅಂಗಡಿ ಬೋರ್ಡು ಬರೆಯುವವರ ಮಗಳು. ನಲವತ್ತು ವರ್ಷ ತಾಮ್ರದ ತಗಡು ಗೀರಿ, ಮಸಿ ತುಂಬಿ, ಕಾಗದಕ್ಕೆ ಒತ್ತಿಯೇ ಹೆಸರು ಮಾಡಿದವರು. ಈಗ ಕೈ ನಡುಗಲು ಶುರುವಾಗಿತ್ತು. ದೊಡ್ಡಗದ್ದವಳ್ಳಿ ಗುಡಿಯ ಲಕ್ಷ್ಮೀದೇವಿಯೇ ತಮ್ಮ ಕಡೆಯ ತಗಡು ಎಂದು ಹೇಳಿಕೊಂಡೇ ಬಂದಿದ್ದರು.

ಅವರ ಪುಟ್ಟ ರೋಲರ್ ಮಷೀನಿನ ಚಕ್ರ ತಿರುಗಿಸುತ್ತಿದ್ದವಳು ಪಕ್ಕದ ಮನೆಯ ಬೆಟ್ಟಮ್ಮ. ಮೊದಲ ಪ್ರತಿ ಈಚೆ ಬಂದಾಗ, ಅಬ್ಬಬ್ಬಾ, ನನಗೆ ಮೈ ಜುಮ್ಮೆಂದಿತು! ಬೆಟ್ಟಮ್ಮ ಚಕ್ರ ಬಿಟ್ಟು ಕೈ ಮುಗಿದಳು.

ಮೂವತ್ತನೆಯ ಪ್ರತಿ ಮುಗಿದದ್ದೇ ಲೊರೇನ್ ಗೀರುವ ಸೂಜಿ ಹಿಡಿದು ತಗಡಿನಲ್ಲಿದ್ದ ದೇವಿಯ ಮುಖದ ಮೇಲೆ ಅಡ್ಡಗೀಟು ಎಳೆಯಲು ಹೊರಟರು. ಕೊಳ್ಳುವವರಿಗೆ ಮೂವತ್ತೇ ಪ್ರತಿ ಎಂದು ಮಾತು ಕೊಟ್ಟಾಗಿತ್ತು. ತಗಡು ಹಾಗೇ ಉಳಿದರೆ ನಾಳೆ ಯಾರಾದರೂ ಇನ್ನಷ್ಟು ಒತ್ತಿಯಾರು, ನಲವತ್ತು ವರ್ಷದ ಹೆಸರು ಮಣ್ಣುಪಾಲಾದೀತು.

"ಅಯ್ಯಯ್ಯೋ, ಅಮ್ಮನ ಮೊಕಕ್ಕೆ ಗೀರಾಕ್ತೀಯಾ?" ಬೆಟ್ಟಮ್ಮ ತಗಡು ಕಿತ್ತುಕೊಂಡು ಸೆರಗಿನಲ್ಲಿ ಅವುಚಿಕೊಂಡಳು. "ನಾ ಕೊಡಾಕಿಲ್ಲ ಕಣವ್ವಾ!"

"ಅದು ನನ್ನ ಮರ್ಯಾದೆ! ಕೊಡಿಸು ಕನಕ!" ಲೊರೇನ್ ಇಂಗ್ಲಿಷಿನಲ್ಲಿ ನನ್ನ ಮೇಲೆ ಹಾರಾಡಿದರು. ನನಗೂ ರೇಗಿತು. ಇವರಿಬ್ಬರ ನಡುವೆ ನಾನೇನು ದುಭಾಷಿಯೋ, ಪೊಲೀಸೋ?

"ಇದನ್ನ ಇಟ್ಕೊಂಡ್ರೆ ಅವರು ಕೊಟ್ಟ ಮಾತು ತಪ್ಪತ್ತೆ ಬೆಟ್ಟಮ್ಮ," ಎಂದು ಬಿಡಿಸಿ ಹೇಳಿದೆ.

"ಇಷ್ಟೇಯಾ? ಮಡಿಕೊಳ್ಳಂಗಿಲ್ಲ ಅಂದ್ರೆ ಒಳೇಗೆ ಬುಟ್ರಾಯ್ತು. ಗಣಪನ್ನ ಬುಡಾಕಿಲ್ವಾ? ಅಂಗೇಯಾ!"

ನಾನು ನಿಂತಲ್ಲೇ ಕುಣಿದುಬಿಟ್ಟೆ. ಲೊರೇನ್‌ಗೆ ಹೇಳಿದರೆ ಮೊದಲು ನಕ್ಕರು. ಆಮೇಲೆ, "ನೀರು ಆಳವಿದೆಯಾ?" ಎಂದು ಕೇಳಿದರು.

ಮೂವರೂ ಆಗಲೇ ಹೇಮಾವತಿಗೆ ಹೊರಟೆವು. ತೆಪ್ಪದವನು ಮಡುವಿನ ನಡುವಿಗೆ ಒಯ್ದ. ಬೆಟ್ಟಮ್ಮ ತಗಡಿಗೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಬೆಳಗಿ, ಲೊರೇನ್ ಕೈಗೆ ಕೊಟ್ಟಳು.

"ಓಗ್ಬಾ ತಾಯಿ ಅನ್ನವ್ವಾ."

"ಓಗ್ಬಾ ತಾಯಿ," ಎಂದರು ಲೊರೇನ್, ಅಚ್ಚು ಬೆಟ್ಟಮ್ಮನ ಹಾಗೆಯೇ. ತಗಡು ಬುಳಕ್ಕನೆ ಮುಳುಗಿತು.

ನಾನು ಚಪ್ಪಾಳೆ ತಟ್ಟುವಷ್ಟರಲ್ಲಿ ಅವರು ಬಿಕ್ಕಿ ಬಿಕ್ಕಿ ಅಳತೊಡಗಿದ್ದರು. ಗಾಬರಿಯಾಗಿ ಕೈ ಹಿಡಿದುಕೊಂಡು, ಅವರು ಅಂದದ್ದಕ್ಕೆ 'ಹೋಗಿ ಬಾ ತಾಯಿ' ಎಂದು ಅರ್ಥ ಹೇಳಿದೆ.

"ಇಷ್ಟು ವರ್ಷ ಒಂದೊಂದು ತಗಡನ್ನೂ ಕೈಯಾರೆ ಗೀರಿ ಕೊಂದೆ ಕನಕ," ಎಂದರು. "ಯಾವುದಕ್ಕೂ ಹೋಗಿ ಬಾ ಅಂದಿರಲಿಲ್ಲ."