ಒಂದೇ ಸಲ ಕೇಳುವವರು

ಆ ಬೆಳಿಗ್ಗೆ ಸರ್ವೋತ್ತಮ ಕಾಮತರು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಎಂಟರಿಂದ ಹನ್ನೆರಡರೊಳಗೆ ಯಾವಾಗಲಾದರೂ ಬರುತ್ತೇವೆ ಎಂದಿದ್ದರು ಸರಕಾರದ ನೆರವಿನ ಕಚೇರಿಯವರು. ಇದೆಂಥ ಹೊತ್ತು ಹೇಳುವ ಕ್ರಮ! ಶನಿಯೂ ಪಂಚಾಂಗ ನೋಡಿ ಬರುತ್ತಾನೆ. ಕಾಮತರು ಕಿಟಕಿಗೆ ಹೋದರು, ಬಂದರು, ಬಾಗಿಲ ಬಳಿಯ ಚಪ್ಪಲಿ ನೆಟ್ಟಗೆ ಜೋಡಿಸಿದರು, ಮತ್ತೆ ಕಿಟಕಿಗೆ ಹೋದರು.

ಕಡಲಾಚೆಯ ಬೆರ್ರಿಯೆಸಾದಲ್ಲಿ, ಬಾಡಿಗೆ ಜಾಗದ ಮೇಲೆ ತಗಡಿನ ಮನೆಗಳನ್ನು ತಂದು ನಿಲ್ಲಿಸಿದ ಮೊಬೈಲ್ ಹೋಮ್ ಪಾರ್ಕಿನಲ್ಲಿ ಅವರದು ತಗಡಿನ ಗೋಡೆಯ ಎರಡು ಕೋಣೆಯ ಮನೆ. ಗೋಡೆಯ ಹೀಟರು ಚಳಿಗಾಲ ಶುರುವಾಗುವ ಹೊತ್ತಿಗೆ ಸರಿಯಾಗಿ ಕಣ್ಣು ಮುಚ್ಚಿತ್ತು. ಹೊಸದು ಹಾಕಿಸೋಣವೆಂದರೆ, ಪಿಂಚಣಿ ಬಂದದ್ದು ಜಾಗದ ಬಾಡಿಗೆಗೂ ಔಷಧಿಗೂ ಸಮವಾಗುತ್ತಿತ್ತು. ಹೆಂಡತಿ ವಿನೋದಾ ಎದೆಯಲ್ಲಿ ಕಫ ಕಟ್ಟಿ ಒಮ್ಮೆ ಆಸ್ಪತ್ರೆ ಸೇರಿ ಬಂದದ್ದೂ ಆಗಿತ್ತು. ಮನೆ ಬೆಚ್ಚಗಿರದಿದ್ದರೆ ಮತ್ತೆ ಇಲ್ಲಿಗೇ ಬರುತ್ತೀರಿ ಎಂದು ಡಾಕ್ಟರು ಮುಖ ನೋಡಿಯೇ ಹೇಳಿದ್ದರು.

ದಾರಿ ತೋರಿಸಿದವಳು ಎವರ್‌ಗ್ರೀನ್ ಬಡಾವಣೆಯಿಂದ ಭಜನೆಗೆ ಬರುವ ಶೈಲಜಾ. "ಅಂಕಲ್, ಸೀನಿಯರ್ಸ್‌ಗೆ ಗವರ್ನಮೆಂಟ್ ಹೆಲ್ಪ್ ಇದೆ. ವಿಂಟರ್ ಬಿಲ್ಲಿಗೂ ಕೊಡ್ತಾರೆ, ಹೀಟರ್ ಕೆಟ್ಟಿದ್ರೆ ಹೊಸದೂ ಹಾಕ್ಸ್ತಾರೆ. ಅಪ್ಲೈ ನಾನು ಮಾಡ್ತೀನಿ. ಬಂದವರು ಕೇಳ್ದಾಗ ನೀವು ಬೇಕು ಅನ್ನಿ, ಅಷ್ಟೇ. ಈ ಸಲ ಮಿಸ್ ಆದ್ರೆ ಮುಂದಿನ ವಿಂಟರೇ ಗತಿ."

ಅಷ್ಟೇ ಅಂತೆ! ಕಾಮತರು ಸಾಂಟಾ ಕ್ಲಾರಾದ ಉಡುಪಿ ಹೋಟೆಲಿನಲ್ಲಿ, ಅದು ಮುಚ್ಚುವ ತನಕ, ಬಡಿಸುವ ಕೆಲಸ ಮಾಡಿದವರು. ಸಾಕು ಸಾಕು ಎಂದು ಕೈ ಅಡ್ಡ ಹಿಡಿದವರಿಗೂ ಇನ್ನೊಂದು ಸೌಟು ಸುರಿದೇ ಅಭ್ಯಾಸ. ಅವರ ಸೀಮೆಯಲ್ಲಿ ಮೊದಲ ಸಲ ಕೇಳಿದಾಗ ಬೇಡ ಎನ್ನಬೇಕು, ಎರಡನೇ ಸಲ ಛೆ ಛೆ ಎನ್ನಬೇಕು, ಮೂರನೇ ಸಲ ಕೈ ಹಿಡಿದು ಎಳೆದಾಗ ನಿಮ್ಮ ಒತ್ತಾಯಕ್ಕೆ ಎಂದು ಎಲೆಯ ಮುಂದೆ ಕೂರಬೇಕು. ಹೊಟ್ಟೆ ಎಷ್ಟು ಹಸಿದಿದ್ದರೂ ಸರಿ. ಮೊದಲ ಸಲಕ್ಕೇ ಹೂಂ ಎಂದವನು ಗತಿಗೆಟ್ಟವನು.

ಸರಕಾರದ ಮನುಷ್ಯನಾದರೂ ಬಾಗಿಲಿಗೆ ಬಂದ ಮೇಲೆ ಅತಿಥಿಯೇ. ಹಾಗೆಂದು ಕಾಮತರು ಪಕ್ಕದ ಮನೆಯಿಂದ ಕರೆಂಟಿನ ಸಣ್ಣ ಹೀಟರು ಎರಡನ್ನು ಸಂಜೆಗೆ ವಾಪಸು ಕೊಡುವ ಮಾತಿನ ಮೇಲೆ ತಂದು ಉರಿಸಿಟ್ಟಿದ್ದರು.

"ಎಂತ ಮಾರಾಯ್ರೆ ಇದು? ಚಳಿ ಉಂಟು ಅಂತ ಅರ್ಜಿ ಹಾಕಿ ಮನೆಯನ್ನು ಬೆಚ್ಚಗೆ ಮಾಡಿ ಇಡುವುದಾ?" ಎಂದರು ವಿನೋದಾ, ಕೆಮ್ಮಿನ ನಡುವೆ.

"ಬಂದವರನ್ನು ಗಡಗಡ ನಡುಗಿಸ್ಲಿಕ್ಕೆ ಆಗ್ತದಾ? ಮರ್ಯಾದೆ ಅಂತ ಒಂದು ಉಂಟಲ್ಲ."

"ಹಾಗಾದ್ರೆ ರಾತ್ರಿ ಅದನ್ನೇ ಹೊದ್ದು ಮಲಗಿ."

ಹನ್ನೊಂದರ ಮೇಲೆ ಬಂದವನು ಟ್ರಾನ್ ಎಂಬವನು, ವಿಯೆಟ್ನಾಂ ಕಡೆಯವನು, ಮಾತು ಕಡಿಮೆ. ಕಾಮತರು ಅವನ ಜಾಕೆಟ್ಟು ತೆಗೆಸಿದರು, ಸೋಫಾದಲ್ಲಿ ಕೂರಿಸಿದರು, ಬಿಸಿ ಗೋಳಿಬಜೆ, ಕಾಫಿ ಮುಂದಿಟ್ಟರು. ಅವನು ಸಂತೋಷವಾಗಿ ತಿಂದ. ಬಿಲ್ಲಿನ ನೆರವು ಮಂಜೂರಾಗುತ್ತದೆ ಎಂದ. ಆಮೇಲೆ ಕೈಯಲ್ಲಿದ್ದ ಟ್ಯಾಬ್ಲೆಟ್ಟು ನೋಡುತ್ತಾ ಇಂಗ್ಲಿಷಿನಲ್ಲಿ ಕೇಳಿದ. "ಮನೆ ಬೆಚ್ಚಗಿದೆ. ಹೀಟರು ಬದಲಿಸುವುದು ಬೇಕೇ ಸರ್?"

"ಅಯ್ಯೋ, ಪರವಾಗಿಲ್ಲ. ನಿಮಗೆ ಯಾಕೆ ತೊಂದರೆ?" ಎಂದು ಕಾಮತರು ನಕ್ಕರು. ನಕ್ಕು ಎರಡನೇ ಸಲಕ್ಕೆ ಕಾದರು.

ಎರಡನೇ ಸಲ ಬರಲೇ ಇಲ್ಲ. "ಓಕೆ," ಎಂದು ಟ್ರಾನ್ ಎಲ್ಲೋ ಬೆರಳು ಒತ್ತಿದ, ಎದ್ದ, ಜಾಕೆಟ್ಟಿಗೆ ಕೈ ಹಾಕಿದ. ಇದೆಂಥ ಜನ! ಒಂದು ಒತ್ತಾಯವಿಲ್ಲ, ಒಂದು ಉಪಚಾರವಿಲ್ಲ. ತಡೆಯಬೇಕು, ಈಗಲೇ ಹೇಳಬೇಕು ಎಂದು ಕಾಮತರು ಬಾಯಿ ತೆರೆದರು. ಹೊರಗೆ ಬಂದದ್ದು, "ಇನ್ನೂ ಸ್ವಲ್ಪ ಕಾಫಿ?"

"ಬೇಡ, ಥ್ಯಾಂಕ್ಸ್," ಎಂದು ಟ್ರಾನ್ ಬಾಗಿಲಿಗೆ ನಡೆದ.

ಅಷ್ಟರಲ್ಲಿ ವಿನೋದಾ ಎದ್ದು ಬಂದು ಎರಡೂ ಪ್ಲಗ್ಗುಗಳನ್ನು ಕಿತ್ತರು. "ನೋ ಹೀಟ್," ಎಂದರು ಗೋಡೆ ತೋರಿಸಿ. "ದಿಸ್, ನೇಬರ್ಸ್." ಮುಂದೆ ಕೆಮ್ಮು ಮಾತಾಡಲು ಬಿಡಲಿಲ್ಲ.

ಟ್ರಾನ್ ನಿಂತ. ಕಾಮತರನ್ನು ನೋಡಿದ. "ಸರ್, ಅರ್ಜಿ ಇರುವುದು ನಿಮ್ಮ ಹೆಸರಿನಲ್ಲಿ. ಬೇಡ ಎಂದವರು ನೀವು. ಬೇಕಿದ್ದರೆ ನೀವೇ ಹೇಳಬೇಕು."

ಕಾಮತರಿಗೆ ಸಿಟ್ಟು ಬಂತು. ಇವನ ಮೇಲೆ, ಶೈಲಜಾಳ ಮೇಲೆ, ಮಾನ ಕಳೆದ ಹೆಂಡತಿಯ ಮೇಲೆ. ತಗಡಿನ ಮನೆ ಆಗಲೇ ತಣ್ಣಗಾಗತೊಡಗಿತ್ತು. ವಿನೋದಾ ಗೋಡೆ ಹಿಡಿದು ಬಾಗಿ ಕೆಮ್ಮುತ್ತಲೇ ಇದ್ದರು. ಆ ಬಾಗಿದ ಬೆನ್ನು ಕಂಡು ಕಾಮತರಿಗೆ ನಾಚಿಕೆಯಾಯಿತು, ಕೇಳುವುದಕ್ಕಲ್ಲ, ಇಷ್ಟು ಹೊತ್ತು ಕೇಳದೆ ಇದ್ದದ್ದಕ್ಕೆ.

"ಬೇಕು," ಎಂದರು. ಕನ್ನಡದಲ್ಲೇ ಬಂತು. ಮತ್ತೆ ಇಂಗ್ಲಿಷಿನಲ್ಲಿ ಹೇಳಿದರು. ಹೀಟರು ಕೆಟ್ಟಿದೆ, ದಯವಿಟ್ಟು ಹಾಕಿಸಿಕೊಡಿ ಎಂದರು. ಇವಳಿಗೆ ಚಳಿ ತಡೆಯುವುದಿಲ್ಲ ಎನ್ನಲು ಹೊರಟು ನಡುವೆಯೇ ನಿಲ್ಲಿಸಿದರು. ಆಮೇಲೆ, "ನನಗೆ ಚಳಿ ತಡೆಯುವುದಿಲ್ಲ," ಎಂದುಬಿಟ್ಟರು. "ರಾತ್ರಿ ನಿದ್ದೆ ಬರುವುದಿಲ್ಲ."

ಟ್ರಾನ್ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಗೋಡೆಯ ಹೀಟರಿನ ಮುಂದೆ ಕೂತ.

ವಿನೋದಾ ಪ್ಲಗ್ಗು ಹಿಡಿದ ಕೈಯಲ್ಲೇ ಗಂಡನ ಕಡೆ ತಿರುಗಿದರು. ಇದ್ದ ಎರಡು ರಗ್ಗನ್ನೂ ದಿನಾ ತನಗೇ ಹೊದೆಸಿ, ನನಗೆ ಸೆಕೆ ಮಾರಾಯ್ತಿ ಎಂದು ಆಚೆ ತಿರುಗಿ ಮಲಗುತ್ತಿದ್ದ ಮನುಷ್ಯ.

"ನಿಮಗೂ ಚಳಿ ಆಗ್ತಿತ್ತಾ?"

"ಆಗ್ತಿತ್ತು," ಎಂದರು ಕಾಮತರು. "ತುಂಬ."