ಹೆಗ್ಗಣದ ಡಿಜೈನು

ಇದರಲ್ಲಿ ಒಂದೇ ಒಂದು ಮಾತು ಸುಳ್ಳಾಗಿದ್ದರೂ ನಾರಾಯಣಖೇಡ ಬಸ್ ಸ್ಟ್ಯಾಂಡಿನ ಚಹಾ ಹೇಳಿದವನ ಗಂಟಲಲ್ಲಿ ಇಳಿಯದೆ ಅಲ್ಲೇ ನಿಲ್ಲಲಿ. ಹೆಗ್ಗಣದ ಗಾತ್ರವನ್ನು ನಂಬದವರು ಜಹೀರಾಬಾದಿನ ಬೆಕ್ಕುಗಳನ್ನು ಕೇಳಬಹುದು. ಅದು ವಾಸವಿದ್ದ ಕಿರಾಣಿ ಅಂಗಡಿ ಬಂದಾಗ ಅವು ಇವತ್ತಿಗೂ ರಸ್ತೆ ದಾಟಿ ಆಚೆ ಬದಿಗೆ ಹೋಗುತ್ತವೆ.

ನಾರಾಯಣಖೇಡದ ಧಮ್ಮಶೀಲಾ ಸ್ಕಾಟ್ಲೆಂಡಿನ ಒಂದು ಕಾಲೇಜಿನಲ್ಲಿ ಬಟ್ಟೆಯ ಡಿಜೈನು ಕಲಿಯುತ್ತಿದ್ದಳು. ಅಲ್ಲಿಯ ಚಳಿ ಅವಳಿಗೆ ಅಭ್ಯಾಸವಾಗಿತ್ತು, ಖಾರವಿಲ್ಲದ ಊಟವೂ ಅಭ್ಯಾಸವಾಗಿತ್ತು. ಆಗದೆ ಉಳಿದದ್ದು ಒಂದು ಪ್ರಶ್ನೆ. ಅವಳು ಏನೇ ಮಾಡಿ ತೋರಿಸಲಿ, ಐಲ್ಸಾ ಮೇಡಂ ತಲೆಯನ್ನು ಒಂದು ಕಡೆ ವಾಲಿಸಿ, “ಇದು ನಿನ್ನ ಅಜ್ಜಿಯಿಂದ ಬಂದದ್ದೆ?” ಎಂದು ಮೆತ್ತಗೆ ಕೇಳುತ್ತಿದ್ದರು. ಮಳೆಕೋಟು ಹೊಲಿದಾಗ ಕೇಳಿದರು. ಮಡಚುವ ಕುರ್ಚಿಗೆ ಬಟ್ಟೆ ಬಿಗಿದಾಗ ಕೇಳಿದರು. ಧಮ್ಮಶೀಲಾಳ ಅಜ್ಜಿ ಹುಟ್ಟಿದಾಗಿನಿಂದ ಕುರ್ಚಿಯ ಮೇಲೆ ಕೂತವಳಲ್ಲ. ಅದೇ ಮೇಡಂ, ಪಕ್ಕದ ಮೇಜಿನ ಬಿಳಿ ಹುಡುಗ ಗೋಣಿಚೀಲಕ್ಕೆ ಗುಂಡಿ ಹಚ್ಚಿ ತಂದರೆ, “ಏನು ಯೋಚಿಸಿ ಮಾಡಿದೆ?” ಎನ್ನುತ್ತಿದ್ದರು. ಈ ಪ್ರಶ್ನೆಯನ್ನು ತನಗೂ ಒಮ್ಮೆ ಕೇಳಲಿ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಕೊನೆಯ ವರ್ಷದ ಕೆಲಸವನ್ನು ಊರಲ್ಲೇ ಮಾಡಬಹುದು, ಮೇಡಂ ಬಂದು ನೋಡುತ್ತಾರೆ, ಮೆಚ್ಚಿದ್ದು ಸ್ಕಾಟ್ಲೆಂಡಿನ ಮ್ಯೂಸಿಯಂ ಸೇರುತ್ತದೆ ಎಂದು ಕಾಲೇಜಿನವರು ಹೇಳಿದಾಗ ಅವಳು ಹಟಕ್ಕೆ ಬಿದ್ದು, ಅಜ್ಜಿಯರು ತುಂಡುಬಟ್ಟೆ ಜೋಡಿಸಿ ಹೊಲಿಯುವ ಕೌದಿಯನ್ನೇ ಆರಿಸಿಕೊಂಡಳು. ಅವಳ ಅಪ್ಪ ಮೊಗಲಪ್ಪ ತಾಂಡೂರಿನ ಪರಸಿಕಲ್ಲನ್ನು ಮನೆಗಳ ನೆಲಕ್ಕೆ ಹಾಸುವವನು. ಅವನ ಹಾಸಿನಲ್ಲಿ ನಾಲ್ಕು ಕಲ್ಲುಗಳ ಮೂಲೆ ಒಂದೇ ಕಡೆ ಕೂಡುವುದಿಲ್ಲ. ಧಮ್ಮಶೀಲಾ ಅದನ್ನು ಬಟ್ಟೆಗೆ ಇಳಿಸಿದಳು. ಬೂದುನೀಲಿ, ಹಳದಿ ತುಂಡುಗಳು, ಮೂಲೆಗೆ ಮೂಲೆ ತಪ್ಪಿಸಿ ಕೂರಿಸಿದ್ದು. ಸುತ್ತಿ ಹೆಗಲ ಮೇಲೆ ಒಯ್ಯಬಹುದಾದ ಒಂದು ನೆಲ. ಅವರ ಮನೆತನದ ಯಾವ ಅಜ್ಜಿಯೂ ಇಂಥದ್ದನ್ನು ಕನಸಿನಲ್ಲಿ ಕೂಡ ಹೊಲಿದಿರಲಿಲ್ಲ.

ಹೊಲಿದದ್ದು ತಾಂಡೂರಿನಲ್ಲಿ, ಅವ್ವನ ತಂಗಿ ಸುಗಲಾಬಾಯಿ ಮೌಶಿಯ ಮನೆಯಲ್ಲಿ. ಹೊಲಿಗೆಯ ಟಾಕಾಗಳು ಎಷ್ಟು ಒತ್ತಾಗಿದ್ದವೆಂದರೆ, ಒಂದು ದಿನ ಮೇಲೆ ಚೆಲ್ಲಿದ ಚಹಾ ಒಳಗಿಳಿಯಲು ದಾರಿ ಸಿಗದೆ ಸಂಜೆಯವರೆಗೆ ಹಾಗೇ ನಿಂತಿತ್ತು. ಆಮೇಲೆ ಮೌಶಿ ಅದನ್ನು ಬಸಿಗೆ ಬಗ್ಗಿಸಿ ಕುಡಿದಳು.

ಕೊನೆಗೆ ಒಂದು ಮೂಲೆ ಉಳಿಯಿತು. ಕೌದಿಯ ಹೊಟ್ಟೆ ತುಂಬಿಸದೆ ಬಾಯಿ ಹೊಲಿಯಬಾರದು. ಚಿಟಿಕೆ ಜೋಳವೋ, ಒಣಗಿದ ರೊಟ್ಟಿಯ ಚೂರೋ ಒಳಗಿಡಬೇಕು, ಇಲ್ಲದಿದ್ದರೆ ಹೊದ್ದವರು ಹಸಿದು ಮಲಗುತ್ತಾರೆ. ಧಮ್ಮಶೀಲಾ ಕೈ ತೊಳೆದು ಬರುವಷ್ಟರಲ್ಲಿ ಮೌಶಿ ತುಪ್ಪ ಹಚ್ಚಿದ ಹೂರಣದ ಹೋಳಿಗೆಯೊಂದನ್ನು ಇಡಿಯಾಗಿ ಒಳಗೆ ತಳ್ಳುತ್ತಿದ್ದಳು.

“ಏ ಮೌಶಿ, ನಾಕ ಕಾಳ ಜ್ವಾಳ ಸಾಕಿತ್ತು.”

“ನಾಕ ಕಾಳ ತಿಂದು ನೀ ಹೋಗ್ತಿ ಏನು ಅಷ್ಟ ದೂರ?”

“ನಾ ಮನಷಾಳು. ಅದು ಕೌದಿ.”

“ಅದಕ್ಕೂ ದಾರಿ ಅಷ್ಟೇ ಅದ. ಅಲ್ಲಿ ಊಟದಾಗ ರುಚಿ ಇರಲ್ಲಂತ ನೀನೇ ಫೋನಿನ್ಯಾಗ ಅಳ್ತಿದ್ದಿ. ಸುಮ್ಮ ಸೂಜಿ ಕೊಡು.”

ಸೂಜಿ ಕೊಟ್ಟಳು. ಕೊಡಬಾರದಿತ್ತು.

ಜಹೀರಾಬಾದ್ ಬಸ್ಸಿನಲ್ಲಿ ಧಮ್ಮಶೀಲಾ ಮತ್ತು ಮೌಶಿಯ ನಡುವೆ ಕೌದಿಯ ಸುರುಳಿ ಸೀಟಿನ ಮೇಲೆ ನೆಟ್ಟಗೆ ಕೂತಿತ್ತು. ಕಂಡಕ್ಟರ್ ಅದರ ಹೆಗಲು ತಟ್ಟಿ, “ಸ್ವಲ್ಪ ಸರೀರಿ ಅಜ್ಜಾ” ಎಂದ. ಅಜ್ಜ ಸರಿಯಲಿಲ್ಲ. ಸಿಟ್ಟಿನವರಿರಬೇಕೆಂದು ಅವನೇ ಮುಂದೆ ಹೋದ.

ಮೇಡಂ ಬಂದು ನೋಡಲೆಂದು ಜಹೀರಾಬಾದಿನಲ್ಲಿ ಶಿವಶಂಕರಪ್ಪನವರ ಕಿರಾಣಿ ಅಂಗಡಿಯ ಮೇಲಿನ ದೊಡ್ಡ ಕೋಣೆಯನ್ನು ಕೇಳಿಟ್ಟಿದ್ದರು. ಸಂಜೆ ಕೌದಿಯನ್ನು ಗೋಡೆಗೆ ತೂಗುಹಾಕಿ ಕೀಲಿ ಹಾಕಿದರು. ಬೆಳಿಗ್ಗೆ ಬಾಗಿಲು ತೆಗೆದರೆ ಕೆಳಮೂಲೆಯಲ್ಲಿ ರೊಟ್ಟಿಯ ಹಂಚಿನಷ್ಟು ಅಗಲದ ತೂತು. ಕೆಳಗೆ ಅಂಗಡಿಯಲ್ಲಿ ಬೇಳೆ, ಬೆಲ್ಲ, ಕೊಬ್ಬರಿ ಮೂಟೆಗಟ್ಟಲೆ ಇದ್ದವು. ಹೆಗ್ಗಣ ಅವನ್ನೆಲ್ಲ ಬಿಟ್ಟು ಮೆಟ್ಟಿಲು ಹತ್ತಿ ಬಂದಿತ್ತು.

“ನಮ್ಮ ಅಂಗಡ್ಯಾಗ ಇಲಿ ಹೆಗ್ಗಣ ಇಲ್ಲರಿ,” ಎಂದರು ಶಿವಶಂಕರಪ್ಪ. ಅವರ ಕಾಲ ಪಕ್ಕದಲ್ಲೇ ಎರಡು ಬೆಕ್ಕಿನ ಗಾತ್ರದ ಹೆಗ್ಗಣವೊಂದು ಹೊಟ್ಟೆ ಎಳೆದುಕೊಂಡು ನಿಧಾನಕ್ಕೆ ಮೆಟ್ಟಿಲಿಳಿಯಿತು.

“ಮತ್ತ ಅದೇನರಿ ಸಾವಕಾರ್ರೆ?” ಸುಗಲಾಬಾಯಿ ಕೇಳಿದಳು.

“ಅದು ಬಾಜು ಅಂಗಡಿದು.”

ಧಮ್ಮಶೀಲಾ ಮೌಶಿಯನ್ನು ಬೈಯಲು ಬಾಯಿ ತೆರೆದಳು. ಮೌಶಿ ಸೆರಗಿನ ತುದಿ ಹಿಂಡುತ್ತ ನಿಂತದ್ದು ನೋಡಿ ಮುಚ್ಚಿಕೊಂಡಳು. ತೂತು ಮುಚ್ಚಲೆಂದು ಸೂಜಿಗೆ ದಾರ ಪೋಣಿಸುತ್ತಿದ್ದಾಗ ಐಲ್ಸಾ ಮೇಡಂ ಬಂದೇಬಿಟ್ಟರು.

ಮೇಡಂ ಕಲ್ಲಿನ ಹಾಸನ್ನು ನೋಡಲಿಲ್ಲ. ನೇರವಾಗಿ ತೂತಿನ ಮುಂದೆ ಹೋಗಿ ಮೊಣಕಾಲೂರಿದರು. ಕಣ್ಣು ತುಂಬಿಕೊಂಡವು.

“ಈ ಶೂನ್ಯ ಮಾತಾಡುತ್ತಿದೆ,” ಎಂದರು ಇಂಗ್ಲಿಷಿನಲ್ಲಿ.

“ಏನಂತಾಳ ಆಕಿ?” ಮೌಶಿ ಕೇಳಿದಳು.

“ತೂತು ಮಾತಾಡ್ಲತದಂತ.”

“ಅಂದ್ರ ಇನ್ನೊಂದು ಒಳಗೇ ಅದ,” ಎಂದು ಮೌಶಿ ಕಸಬರಿಗೆ ಹುಡುಕಿದಳು.

“ಹಸಿವು,” ಎಂದರು ಮೇಡಂ. “ನಿಮ್ಮ ಜನ ತಲೆಮಾರುಗಳಿಂದ ಉಂಡ ಹಸಿವು. ನಿನಗೆ ಇಷ್ಟು ಧೈರ್ಯವಿದೆ ಎಂದು ನನಗೆ ಗೊತ್ತಿರಲಿಲ್ಲ.”

“ಅದು ಹೋಳಿಗೆ, ಮೇಡಂ. ತುಪ್ಪದ ಹೋಳಿಗೆ. ತಿನ್ನಲು ಹೆಚ್ಚಾಗಿ ಇಟ್ಟದ್ದಕ್ಕೆ ಹೆಗ್ಗಣ ಬಂತು.”

“ಹೌದು, ಹೌದು.” ಮೇಡಂ ಕಣ್ಣೊರೆಸಿಕೊಂಡರು.

“ನಾನು ಮಾಡಿದ್ದು ಆ ತೂತಲ್ಲ. ಇಲ್ಲಿ ನೋಡಿ, ಇದು ಕಲ್ಲಿನ ನೆಲ. ನಾಲ್ಕು ಮೂಲೆ ಎಲ್ಲಿಯೂ ಕೂಡುವುದಿಲ್ಲ. ನಾನು ಯೋಚಿಸಿ—”

“ಬಹಳ ಚೆನ್ನಾಗಿದೆ. ಇದು ನಿನ್ನ ಅಜ್ಜಿಯಿಂದ ಬಂದದ್ದೆ?”

ಧಮ್ಮಶೀಲಾಳ ಕಿವಿಗಳು ಕಾದು ಕೆಂಪಾದವು. ಕೋಣೆಯ ಫ್ಯಾನು ತಾನಾಗಿ ಒಂದು ಸುತ್ತು ಹೆಚ್ಚು ತಿರುಗಿತೆಂದು ಶಿವಶಂಕರಪ್ಪ ಆಮೇಲೆ ಹೇಳಿದರು.

ಮ್ಯೂಸಿಯಂಗೆ ಇದೇ ಹೋಗುತ್ತದೆ ಎಂದರು ಮೇಡಂ. ಮೊದಲ ಕೋಣೆ, ಇಡೀ ಗೋಡೆ, ಕೆಳಗೆ ಅವಳ ಹೆಸರು. ಒಂದೇ ಷರತ್ತು. ತೂತನ್ನು ಮುಟ್ಟುವಂತಿಲ್ಲ.

“ಈಗೇನಂತ?”

“ಕೌದಿ ಮ್ಯೂಸಿಯಂಗ ಒಯ್ತಾರಂತ. ತ್ಯಾಪಿ ಹಚ್ಚಬಾರದಂತ.”

“ಹರಕ ಕೌದಿ ಗ್ವಾಡಿಗಿ ಹಾಕ್ತಾರ?”

“ಹರದದ್ದಕ್ಕೇ ಹಾಕ್ತಾರ ಮೌಶಿ.”

ಸುಗಲಾಬಾಯಿ ಸ್ವಲ್ಪ ಹೊತ್ತು ಲೆಕ್ಕ ಹಾಕಿದಳು. “ಅಂದ್ರ ಪಾಸ್ ಆಗಿದ್ದು ಹೆಗ್ಗಣ.”

ಮ್ಯೂಸಿಯಂನ ಆ ಗೋಡೆಯ ಮುಂದೆ ಧಮ್ಮಶೀಲಾ ಎಷ್ಟೋ ಭಾನುವಾರ ನಿಂತಿದ್ದಳು, ಅಲ್ಲಿ ತನ್ನದೊಂದನ್ನು ಇಟ್ಟು ನೋಡುತ್ತ. ಈಗ ಹೂಂ ಎಂದರೆ ಅಲ್ಲಿ ಒಂದು ಹೆಗ್ಗಣದ ಹಲ್ಲು ತೂಗುತ್ತದೆ. ಜನ ಬಂದು ಅವಳ ಮನೆಯವರ ಹಸಿವಿಗೆ ಮರುಗಿ ಕಾಫಿಗೆ ಹೋಗುತ್ತಾರೆ. ಅಪ್ಪನ ನೆಲ ಆ ತೂತಿನ ಸುತ್ತಲ ಚೌಕಟ್ಟಾಗಿ ನಿಲ್ಲುತ್ತದೆ. ಅವಳು ಏನು ಯೋಚಿಸಿದಳೆಂದು ಅಲ್ಲಿಯೂ ಯಾರೂ ಕೇಳುವುದಿಲ್ಲ.

ಅವಳು ಕತ್ತರಿ ತೆಗೆದು ತನ್ನ ಕೆಂಪು ಓಢಣಿಯ ಸೆರಗನ್ನು ಚೌಕವಾಗಿ ಕತ್ತರಿಸಿದಳು. ತೂತಿನ ಮೇಲಿಟ್ಟು, ಮೂಲೆಗಳು ಬೇರೆ ಯಾವ ಮೂಲೆಗೂ ತಾಗದ ಹಾಗೆ ಜರುಗಿಸಿ, ನೆಲಕ್ಕೆ ಕೂತು ಹೊಲಿಯತೊಡಗಿದಳು. ಸೂಜಿ ಎಷ್ಟು ಸಿಟ್ಟಿನಿಂದ ಓಡಿತೆಂದರೆ ದಾರದಿಂದ ಸುಟ್ಟ ವಾಸನೆ ಬಂತು.

“ನಿಲ್ಲಿಸು,” ಎಂದರು ಮೇಡಂ. “ಏನು ಮಾಡುತ್ತಿದ್ದೀಯ ಗೊತ್ತೆ?”

“ಗೊತ್ತು. ಇದು ನನ್ನ ಕೆಲಸ. ನೀವು ಮೆಚ್ಚಿದ ಕಲಾವಿದ ಕೆಳಗೆ ಬೆಲ್ಲದ ಮೂಟೆಯ ಹಿಂದೆ ಮಲಗಿದ್ದಾನೆ. ವೀಸಾ ಮಾಡಿಸಿ ಕರೆದುಕೊಂಡು ಹೋಗಿ. ಅವನ ಅಜ್ಜಿಯ ಬಗ್ಗೆಯೂ ಕೇಳಿ.”

ದಾರವನ್ನು ಹಲ್ಲಿನಿಂದ ಕಡಿದಳು. ಎದ್ದು ಕೌದಿಯ ಮೇಲಂಚನ್ನು ಮೊಳೆಗಳಿಂದ ಬಿಡಿಸಿದಳು. ಮೌಶಿ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸುತ್ತತೊಡಗಿದರು.

“ದುಡುಕಬೇಡ, ಧಮ್ಮಶೀಲಾ,” ಮೇಡಂ ಅದೇ ಮೆತ್ತನೆಯ ದನಿಯಲ್ಲಿ ಹೇಳುತ್ತಿದ್ದರು. “ಆ ತೇಪೆಯನ್ನು ಈಗಲೂ ಬಿಚ್ಚಬಹುದು. ಸಮಾಧಾನದಿಂದ ಯೋಚಿಸು. ಆ ತೂತೊಂದು ಇಲ್ಲದಿದ್ದರೆ ಇದರಲ್ಲಿ ನೋಡುವುದಕ್ಕೆ ಉಳಿಯುವುದು ಬರೀ…”

ಧಮ್ಮಶೀಲಾ ಕೌದಿಯನ್ನು ಹೆಗಲಿಗೇರಿಸಿಕೊಂಡು ಆಗಲೇ ಅರ್ಧ ಮೆಟ್ಟಿಲು ಇಳಿದಿದ್ದಳು.