ಹಾಜರಿ

“ಹಾಜರ್ ಅನ್ನಲಿಕ್ಕೆ ಬಾಯಿ ಬಾರದ ಶನಿಯನ್ನು ಯಾಕೆ ತಂದು ಕೂರಿಸಿದ್ದೀ? ಇದು ಮದ್ರಾಸು ಸರಕಾರದ ಶಾಲೆ, ನಿನ್ನ ಹಟ್ಟಿಯಲ್ಲ!”

ಚಕ್ರಪಾಣಿ ಮಾಸ್ತರರು ಬೆತ್ತದಿಂದ ಬಾಗಿಲು ತೋರಿಸಿದರು. ಹಂಚಿನ ಕಾರ್ಖಾನೆಯ ದೇಯಿ ಮೊಣಕೈವರೆಗೆ ಮೆತ್ತಿದ ಮಣ್ಣಿನಲ್ಲೇ ಓಡಿ ಬಂದಿದ್ದಳು. ಅವಳ ಮಗಳು ಮುದ್ದುವಿಗೆ ಎಂಟು ವರ್ಷ, ಹುಟ್ಟುಕಿವುಡಿ. ಹೆಸರು ಕೂಗಿದಾಗ ಹಾಜರ್ ಅನ್ನದವರು ಗೈರು. ಹಾಗೆ ಕಣ್ಣೆದುರೇ ಕೂತ ಹುಡುಗಿ ತಿಂಗಳಿಡೀ ಗೈರಾಗಿ, ಇವತ್ತು ಹೆಸರಿನ ಮೇಲೆ ಕೆಂಪು ಗೀಟು ಬಿದ್ದಿತ್ತು.

“ಎದುರೇ ಕೂತಿದ್ದಾಳಲ್ಲ ಮಾಷ್ಟ್ರೇ. ಕಾಣುವುದಿಲ್ವಾ?”

“ಕಾಣ್ಲಿಕ್ಕೆ ಎಮ್ಮೆಯೂ ಕಾಣ್ತದೆ. ಅದಕ್ಕೆ ಹಾಜರಿ ಹಾಕ್ಲಿಕ್ಕಾಗ್ತದಾ?”

ಮುದ್ದು ಇಬ್ಬರ ಮುಖ ನೋಡಿದಳು. ಸ್ಲೇಟಿನಲ್ಲಿ ಬರೆದು ಎರಡೂ ಕೈಯಲ್ಲಿ ಎತ್ತಿ ಹಿಡಿದಳು: ಮುದ್ದು ಹಾಜರ್. ಉಳಿದ ಮಕ್ಕಳ ಸ್ಲೇಟು ನೋಡಿ ನೋಡಿಯೇ ಕಲಿತದ್ದು, ಒಂದು ತಪ್ಪಿಲ್ಲ. ಮಾಸ್ತರರು ಅವಳಿಗೆ ಯಾವತ್ತೂ ಕಲಿಸಿದವರಲ್ಲ; ಸಿಟ್ಟು ನೆತ್ತಿಗೇರಿತು. ಮುಟ್ಟದೆ, ಬೆತ್ತದ ತುದಿಯಿಂದಲೇ ಸ್ಲೇಟನ್ನು ಹಾರಿಸಿದರು. ಅದು ಎರಡು ತುಂಡಾಯಿತು.

ಮರುದಿನದಿಂದ ಮುದ್ದು ಅಮ್ಮನ ಜೊತೆ ಕಾರ್ಖಾನೆಗೆ ಹೋದಳು. ಅಚ್ಚಿನ ಯಂತ್ರದ ಗದ್ದಲದಲ್ಲಿ ಅಲ್ಲಿ ಯಾರ ಮಾತೂ ಯಾರಿಗೂ ಕೇಳದು. ಹೆಂಗಸರೆಲ್ಲ ಕೈಸನ್ನೆಯಲ್ಲೇ ಬೈದು, ನಕ್ಕು, ಮೇಸ್ತ್ರಿಯ ನಡಿಗೆಯನ್ನು ಅಣಕಿಸುತ್ತಿದ್ದರು. ವಾರದೊಳಗೆ ಮುದ್ದುವಿನಂಥ ವಾಚಾಳಿ ಅಲ್ಲಿ ಇನ್ನೊಬ್ಬಳಿರಲಿಲ್ಲ. ಸಂತೋಷವಾಗಬೇಕಿತ್ತು, ದೇಯಿಗೆ ಅಳು ಬಂತು.

ಬೇಸಗೆ ರಜೆಯಲ್ಲಿ ಶಾಲೆಯ ಮಾಡಿಗೆ ಹೊಸ ಹಂಚು ಬೇಕೆಂದು ಆರ್ಡರ್ ಬಂತು. ಅಂಚು ಹೆರೆಯುತ್ತಿದ್ದ ದೇಯಿ ಒಂದು ಹಸಿ ಹಂಚನ್ನು ಮಗುಚಿ, ಮಗಳ ಕೈಗೆ ಮೊಳೆ ಕೊಟ್ಟಳು. ಮೇಸ್ತ್ರಿ ಕಂಡರೆ ಇಬ್ಬರ ಕೆಲಸವೂ ಹೋಗುತ್ತಿತ್ತು. ಪಕ್ಕದ ರೊಸಾಲಿನ್ ಸೆರಗು ಕೊಡವುವ ನೆವದಲ್ಲಿ ಅಡ್ಡ ನಿಂತಳು.

ಸುಟ್ಟು ಕೆಂಪಾದ ಆ ಹಂಚನ್ನು ದೇಯಿಯೇ ಶಾಲೆಗೆ ಹೊತ್ತಳು. ಮಾಡಿನ ಮೇಲೆ ಹಂಚು ಹೊದಿಸುತ್ತಿದ್ದವನು ಅವಳ ಅಣ್ಣ ಪೂವಪ್ಪ.

“ಎಲ್ಲಿಗೆ ಇದು?”

“ಆ ಬೇವರ್ಸಿಯ ಕುರ್ಚಿಗೆ ಸಮ ಮೇಲೆ. ಅಕ್ಷರ ಕೆಳಗೆ ಬರ್ಲಿ ಅಣ್ಣ.”

ಶಾಲೆ ತೆರೆದ ದಿನ ಜಡಿಮಳೆ. ದೇಯಿ ಮಗಳನ್ನು ಕರೆದುಕೊಂಡು ಜಗಲಿಯಲ್ಲಿ ನಿಂತಳು, ಪಕ್ಕದಲ್ಲಿ ಪೂವಪ್ಪ. ಒಳಗೆ ಹಾಜರಿ ನಡೆದಿತ್ತು.

“ಕುಶಲಾ.”

“ಹಾಜರ್.”

ಮಾಸ್ತರರು ಕೆಂಪು ಗೀಟು ಬಿದ್ದ ಮುಂದಿನ ಹೆಸರು ಹಾರಿಸಿದರು. ಕುಶಲಾ ಮಾತ್ರ ಕತ್ತೆತ್ತಿ ನೋಡಿ, ಪಾಠ ಓದುವವಳಂತೆ ಗಟ್ಟಿಯಾಗಿ ಓದಿದಳು: “ಮುದ್ದು ಹಾಜರ್!” ಇಡೀ ಕ್ಲಾಸು ಮೇಲೆ ನೋಡಿ ಓದಿತು. ಮಾಸ್ತರರು ಕುರ್ಚಿ ಹತ್ತಿ ಬೆತ್ತ ಚಾಚಿದರು. ಎಟುಕಲಿಲ್ಲ.

“ಪೂವಪ್ಪಾ, ತೆಗಿ ಆ ಹಂಚನ್ನು! ಈಗಲೇ!”

“ಈ ಮಳೆಗಾ? ಮಾಡು ಬಿಚ್ಚಿದ್ರೆ ನಿಮ್ಮ ರಿಜಿಸ್ಟ್ರು ನೆನೆದು ಮುದ್ದೆಯಾಗ್ತದೆ ಮಾಷ್ಟ್ರೇ. ದೀಪಾವಳಿ ಕಳೀಲಿ, ನೋಡುವ.”

ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಮಾಡಿನಿಂದ ಬೀಳುವ ನೀರು ದೇಯಿಯ ಬೆನ್ನು ತೋಯಿಸುತ್ತಿತ್ತು. ಮಕ್ಕಳೆಲ್ಲ ಮೇಲೆ ನೋಡಿ ಬಾಯಿ ತೆರೆದದ್ದನ್ನು ಕಂಡ ಮುದ್ದು, ತನ್ನ ಸರದಿ ಬಂತೆಂದು ತಿಳಿದು, ಜಗಲಿಯಲ್ಲಿ ನಿಂತಲ್ಲೇ ಕೈ ಎತ್ತಿದಳು. ಇಳಿಸಲೇ ಇಲ್ಲ.